ಮೈದಾನದ ಆಟ, ಊರ ಹಬ್ಬ, ಸಭೆಗಳ ಮೇಲೆ ವಿಮಾನದ ಸದ್ದು: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತು ಗದ್ದೆ ಒಣಗಿದ ಮೇಲೆ ಕೊಡಗಿನಲ್ಲಿ ಎಲ್ಲವೂ ಬಯಲಲ್ಲೇ ನಡೆಯುತ್ತದೆ. ಕುಟುಂಬಗಳ ಹಾಕಿ, ಕ್ರಿಕೆಟ್, ಹಗ್ಗಜಗ್ಗಾಟ, ಶಾಲೆಯ ಕ್ರೀಡಾಕೂಟ, ಮಂದ್ ಎಂಬ ಊರ ಬಯಲಿನಲ್ಲಿ ಪುತ್ತರಿ (ಸುಗ್ಗಿ ಹಬ್ಬ) ಕೋಲಾಟ, ಯೋಧರ ಸ್ಮರಣೆ, ದಸರಾ ವೇದಿಕೆ. ಗೋಡೆಯೂ ಇಲ್ಲ, ಮಾಡೂ ಇಲ್ಲ. ಮೇಲಿಂದ ಬರುವ ಸದ್ದಿಗೆ ತಡೆಯೂ ಇಲ್ಲ. ಮೈದಾನದ ಬದಿಯಲ್ಲಿ ಮೈಕ್ ಹಿಡಿದು ನಿಲ್ಲುವ ನನ್ನನ್ನು ಆಯೋಜಕರು, ಅಂಪೈರ್‌ಗಳು, ಮಕ್ಕಳ ತಂದೆತಾಯಿ ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ಕೊಡಗಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಈ ಸಮಸ್ಯೆ ಎಲ್ಲಿಂದ ಬಂತು?

ಜಿಲ್ಲೆಯೊಳಗೆ ಇಲ್ಲ, ನಿಜ. ಸುತ್ತಮುತ್ತ ಇವೆ. ಘಟ್ಟ ಇಳಿದರೆ ಕೇರಳದ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ. ಅದು ಶುರುವಾಗಿದ್ದು 2018ರ ಡಿಸೆಂಬರ್ 9ರಂದು. ಅದರ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ, ಪೂರ್ವಕ್ಕೆ ಇರುವುದು ನಮ್ಮ ಘಟ್ಟವೇ. ಇನ್ನೊಂದು ಕಡೆ ಮಂಗಳೂರು, ಈ ಕಡೆ ಮೈಸೂರಿನ ಮಂಡಕಳ್ಳಿ, ಅದರಾಚೆ ಬೆಂಗಳೂರು. ಹಾಗಾಗಿ ನಮ್ಮ ಆಕಾಶ ಖಾಲಿ ಅಲ್ಲ.

ಆದರೆ ಮೈದಾನದ ಆಟವನ್ನು ಕೆಡಿಸುವುದು ಈ ದೊಡ್ಡ ವಿಮಾನಗಳಲ್ಲ. ಕೆಳಗೆ ಹಾರುವಂಥವು: ಗಣ್ಯರ ಹೆಲಿಕಾಪ್ಟರ್, ಚುನಾವಣಾ ಪ್ರಚಾರದ ಹೆಲಿಕಾಪ್ಟರ್, ಪ್ರವಾಸಿಗರನ್ನು ಕೂರಿಸಿಕೊಂಡು ಹಾರುವ ಮೈಕ್ರೋಲೈಟ್ ಎಂಬ ಪುಟ್ಟ ವಿಮಾನ, ಇತ್ತೀಚೆಗೆ ಎಲ್ಲಕ್ಕಿಂತ ಜಾಸ್ತಿ ಡ್ರೋನ್. ಕಾಲವೂ ಕೂಡಿಬರುತ್ತದೆ. ಕೊಡವ ಕುಟುಂಬಗಳ ಹಾಕಿ ಹಬ್ಬದ ತಿಂಗಳು ಏಪ್ರಿಲ್–ಮೇ. 2018, 2019, 2023, 2024ರ ಚುನಾವಣೆಗಳು ನಮ್ಮಲ್ಲಿ ನಡೆದದ್ದೂ ಅದೇ ಎರಡು ತಿಂಗಳಲ್ಲಿ. ಪ್ರವಾಸಿಗರು ಬಿಸಿಲಿಗೆ ಬೇಸತ್ತು ಬೆಟ್ಟ ಹತ್ತಿ ಬರುವುದೂ ಆಗಲೇ.

ವಿಮಾನ ದೊಡ್ಡದು, ಹೆಲಿಕಾಪ್ಟರ್ ಸಣ್ಣದು. ಸದ್ದು ಮಾತ್ರ ಹೆಲಿಕಾಪ್ಟರ್‌ದೇ ಜಾಸ್ತಿ ಕೇಳುವುದು ಯಾಕೆ?

ದೂರದಿಂದಾಗಿ. ಸದ್ದಿನ ಮೂಲದಿಂದ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. 150 ಮೀಟರ್ ಎತ್ತರದಲ್ಲಿರುವ ಒಂದು ಸದ್ದನ್ನು 9,600 ಮೀಟರ್‌ಗೆ ಏರಿಸಿದರೆ ದೂರ ಆರು ಸಲ ಎರಡರಷ್ಟಾಗುತ್ತದೆ. ಅಂದರೆ 36 ಡೆಸಿಬಲ್ ಕಮ್ಮಿ. ಅದರ ಮೇಲೆ ಗಾಳಿಯೂ ಒಂದಿಷ್ಟನ್ನು ಹೀರುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ. ಊರೂರು ದಾಟಿ ಹೋಗುವ ಜೆಟ್ ವಿಮಾನ 10ರಿಂದ 12 ಕಿ.ಮೀ. ಎತ್ತರದಲ್ಲಿರುತ್ತದೆ. ಹೆಲಿಕಾಪ್ಟರ್ ಮೈದಾನದ ಬದಿಯ ಸಿಲ್ವರ್ ಮರದ ತುದಿಯಿಂದ ಸ್ವಲ್ಪವೇ ಮೇಲೆ. ಸುಮಾರು 150 ಮೀಟರ್ ಎತ್ತರದಲ್ಲಿ ಹಾದುಹೋದರೆ ನೆಲದ ಮೇಲೆ 80 ಡೆಸಿಬಲ್ ಆಸುಪಾಸು ಬರಬಹುದು. ಎದುರುಬದುರು ನಿಂತು ಆಡುವ ಮಾತು 60ರ ಸುತ್ತ.

ಇನ್ನೊಂದು ವಿಷಯವಿದೆ. ರೆಕ್ಕೆಯ ಹೊಡೆತದ ಆ ಧಡಧಡ ತಗ್ಗು ಸ್ವರದ್ದು. ತಗ್ಗು ಸ್ವರವನ್ನು ಗಾಳಿ ಬೇಗ ಹೀರುವುದಿಲ್ಲ, ಎಲೆಗಳೂ ತಡೆಯುವುದಿಲ್ಲ. ಮೈದಾನದ ಸುತ್ತ ಕಾಫಿ ತೋಟವಿದೆ, ಸದ್ದು ಅಲ್ಲೇ ನಿಲ್ಲುತ್ತದೆ ಅಂದುಕೊಳ್ಳುವವರು ಬಹಳ. ತೋಟ ನೋಟವನ್ನು ಮರೆಮಾಡುತ್ತದೆ, ಈ ಸದ್ದನ್ನಲ್ಲ.

ಬೆಟ್ಟದೂರಿನಲ್ಲಿ ಸದ್ದು ಬೇರೆ ಥರ ಕೇಳುತ್ತದೆಯಾ?

ಹೌದು. ಕಣಿವೆಯ ಎರಡೂ ಬದಿಯಿಂದ ಸದ್ದು ತಿರುಗಿ ಬರುತ್ತದೆ. ಹೆಲಿಕಾಪ್ಟರ್ ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗುವ ಮೊದಲೇ ಮೈದಾನ ತುಂಬಿಬಿಡುತ್ತದೆ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ. ಆಗ ಸದ್ದು ಕೆಳಕ್ಕೆ ಬಾಗುತ್ತದೆ, ತುಂಬ ದೂರ ಹೋಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಕಾರ್ಯಕ್ರಮಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಆಟಕ್ಕೆ ನಿಜವಾಗಲೂ ತೊಂದರೆಯಾಗುತ್ತದೆಯಾ, ಅಥವಾ ನೋಡುವವರಿಗೆ ಕಿರಿಕಿರಿ ಅಷ್ಟೇನಾ?

ಹಾಕಿಯ ಒಂದು ಪೆನಾಲ್ಟಿ ಕಾರ್ನರ್ ನೋಡಿ. ಗೋಲಿನ ಗೆರೆಯ ಹಿಂದೆ ಗೋಲಿ (ಗೋಲ್‌ಕೀಪರ್) ಸೇರಿ ಐದು ಜನ ನಿಂತಿದ್ದಾರೆ. ಚೆಂಡನ್ನು ಒಳಗೆ ತಳ್ಳುವವನು ಬಗ್ಗಿದ್ದಾನೆ. ವೃತ್ತದ ತುದಿಯಲ್ಲಿ ಚೆಂಡು ನಿಲ್ಲಿಸುವವನು, ಅವನ ಪಕ್ಕದಲ್ಲಿ ಹೊಡೆಯುವವನು. ಈ ಹೊತ್ತಿನಲ್ಲಿ ಇಡೀ ತಂಡ ನಡೆಯುವುದು ಬಾಯಿಮಾತಿನ ಮೇಲೆ. ‘ಎಡಗಡೆ ನೀನು’, ‘ನಾನು ಓಡ್ತೀನಿ’ ಎಂದು ಗೋಲಿ ಕೂಗುತ್ತಾನೆ. ಹೆಲ್ಮೆಟ್ ಒಳಗಿಂದ ಬರುವ ಆ ಕೂಗು ಮೊದಲೇ ಅರ್ಧ. ಅದೇ ಹೊತ್ತಿಗೆ ಮೇಲೆ ಹೆಲಿಕಾಪ್ಟರ್ ಬಂದರೆ ಅದೂ ಇಲ್ಲ. ಇಬ್ಬರು ಒಂದೇ ಕಡೆ ಓಡಿದರು, ಒಂದು ಬದಿ ಖಾಲಿ. ಚೆಂಡು ಹಲಗೆಗೆ ಬಡಿದ ಸದ್ದು ಮಾತ್ರ ಆಮೇಲೆ ಕೇಳುತ್ತದೆ. ಸೋತ ತಂಡದವರು ಅಂಪೈರ್ ಹತ್ತಿರ ಬಂದು ಏನೆಂದು ದೂರಬೇಕು? ನಿಯಮ ಮುರಿದವರು ಯಾರೂ ಇಲ್ಲ.

ಅಂಪೈರ್ ವಿಷಲ್ ಹತ್ತಿರದವರಿಗೆ ಕೇಳುತ್ತದೆ, ಮೈದಾನದ ಇನ್ನೊಂದು ತುದಿಯವರಿಗೆ ಕೇಳದೆ ಹೋಗಬಹುದು. ವಿಷಲ್ ಆದ ಮೇಲೂ ಆಡುತ್ತಿರುವ ಹುಡುಗ, ನಿಂತುಬಿಟ್ಟ ಎದುರಾಳಿ, ನಡುವೆ ಎತ್ತಿದ ಸ್ಟಿಕ್. ಮಕ್ಕಳ ಪಂದ್ಯದಲ್ಲಿ ನನಗೆ ಭಯವಾಗುವುದು ಇದೇ.

ಆಯುಧ ಪೂಜೆಯ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಂತೂ ‘ನಿಲ್ಲಿಸಿ’ ಎಂಬ ಒಂದು ಮಾತು ಎಲ್ಲರಿಗೂ ಕೇಳಲೇಬೇಕು. ಮೇಲೆ ಸದ್ದು ಶುರುವಾಯಿತೋ, ಕೋವಿ ಕೆಳಗಿಳಿಸಿ ಕಾಯಿರಿ. ಇದರಲ್ಲಿ ಎರಡನೇ ಮಾತಿಲ್ಲ.

ಹಾಗಾದರೆ ಆಟ ನಿಲ್ಲಿಸಬೇಕಾ?

ಹೆಲಿಕಾಪ್ಟರ್ ಆದರೆ, ನಿಲ್ಲಿಸಿ. ಲೆಕ್ಕ ಹಾಕಿ ನೋಡಿ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಹೋಗುವ ಹೆಲಿಕಾಪ್ಟರ್ ನಮ್ಮ ಮೈದಾನದ ಆಚೀಚೆ ತಲಾ ಎರಡು ಕಿ.ಮೀ.ವರೆಗೆ ಜೋರಾಗಿ ಕೇಳುತ್ತದೆ ಅಂತಿಟ್ಟುಕೊಳ್ಳೋಣ. ನಾಲ್ಕು ಕಿ.ಮೀ. ದಾಟಲು ಅದಕ್ಕೆ ಎರಡು ನಿಮಿಷವೂ ಬೇಡ. ಅಂಪೈರ್ ಟೈಮ್ ನಿಲ್ಲಿಸಬಹುದು, ಆ ಅಧಿಕಾರ ಅವರಿಗಿದೆ. ಪಂದ್ಯಕ್ಕೆ ಮುಂಚೆ ಎರಡೂ ತಂಡದ ನಾಯಕರಿಗೆ ಒಂದು ಮಾತು ಹೇಳಿಟ್ಟರೆ ಸಾಕು: ‘ಮೇಲೆ ಸದ್ದು ಬಂದು ವಿಷಲ್ ಕೇಳದ ಹಾಗಾದರೆ ನಾನು ಎರಡೂ ಕೈ ಎತ್ತಿ ನಿಲ್ಲಿಸ್ತೀನಿ, ಎಲ್ಲರೂ ನಿಲ್ಲಿ.’ ಕೈಸನ್ನೆ ಮುಖ್ಯ, ಯಾಕೆಂದರೆ ಆ ಹೊತ್ತಿಗೆ ಬಾಯಿ ಉಪಯೋಗಕ್ಕೆ ಬರುವುದಿಲ್ಲ.

ಬಹಳ ಎತ್ತರದಲ್ಲಿ ಗುಡುಗಿದಂತೆ ಹೋಗುವ ಜೆಟ್‌ಗೆ ನಿಲ್ಲಿಸುವುದು ಬೇಡ.

ಸಭೆಗಳಿಗೂ ಇದೇ ಮಾತು. ಭಾಷಣ ಮಾಡುವವರು ನಿಲ್ಲಿಸಲಿ. ಯೋಧರ ಸ್ಮರಣೆಯಲ್ಲಿ ಮೌನಾಚರಣೆಗೆ ಮುಂಚೆ ಸದ್ದು ಕೇಳಿದರೆ ಅದು ಹೋಗುವವರೆಗೂ ಕಾದು ಶುರುಮಾಡಿ. ಮಗನನ್ನು ಕಳೆದುಕೊಂಡ ತಾಯಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಅವರಿಗೆ ಆ ಎರಡು ನಿಮಿಷ ಪೂರ್ತಿ ಸಿಗಬೇಕು. ರಾಷ್ಟ್ರಗೀತೆ ಶುರುವಾಗಿದ್ದರೆ ಮಾತ್ರ ನಿಲ್ಲಿಸಬೇಡಿ. ಅದು 52 ಸೆಕೆಂಡ್, ಗಟ್ಟಿಯಾಗಿ ಹಾಡಿ ಮುಗಿಸಿ.

ಅಷ್ಟೆಲ್ಲಾ ಯಾಕೆ, ಮೈಕ್ ವಾಲ್ಯೂಮ್ ಜಾಸ್ತಿ ಮಾಡಿದರೆ ಆಗಲ್ವಾ?

ಆಗುವುದಿಲ್ಲ. ಎಲ್ಲರೂ ಮೊದಲು ಮಾಡುವುದು ಇದನ್ನೇ. ಮಾತು ಅರ್ಥವಾಗಬೇಕಾದರೆ ಅದು ಸುತ್ತಲಿನ ಸದ್ದಿಗಿಂತ 10–15 ಡೆಸಿಬಲ್ ಮೇಲಿರಬೇಕು. ಸುತ್ತಲಿನದ್ದೇ 80 ಆದರೆ ನಿಮ್ಮ ಸ್ಪೀಕರ್ 90 ದಾಟಬೇಕು. ಅಷ್ಟರಲ್ಲಿ ಮೈಕ್ ಕುಯ್ಯೋ ಅನ್ನಲು ಶುರುಮಾಡಿರುತ್ತದೆ, ಸ್ಪೀಕರ್ ಎದುರು ಕೂತ ಅಜ್ಜಿ ಕಿವಿ ಮುಚ್ಚಿಕೊಂಡಿರುತ್ತಾರೆ, ಹಿಂದಿನ ಸಾಲಿನವರಿಗೆ ಆಗಲೂ ಏನೂ ತಿಳಿದಿರುವುದಿಲ್ಲ. ಹೆಲಿಕಾಪ್ಟರ್ ಹೋದ ಮೇಲೂ ವಾಲ್ಯೂಮ್ ಕೆಳಗಿಳಿಯುವುದಿಲ್ಲ ಎಂಬುದು ಬೇರೆ.

ದುಡ್ಡಿದ್ದರೆ ಎರಡು ದೊಡ್ಡ ಬಾಕ್ಸ್ ಬದಲು ಆರೇಳು ಸಣ್ಣವನ್ನು ಗ್ಯಾಲರಿಯ ಉದ್ದಕ್ಕೂ ಹಾಕಿಸಿ. ಕೇಳುವವರ ಹತ್ತಿರ ಸ್ಪೀಕರ್ ಇದ್ದಷ್ಟೂ ಕೂಗಬೇಕಾದ್ದು ಕಮ್ಮಿ. ಸ್ಕೋರ್ ಬೋರ್ಡ್ ದೊಡ್ಡದಾಗಿರಲಿ, ಗೋಲ್ ಹೊಡೆದವರ ಹೆಸರನ್ನು ಬರೆದು ತೋರಿಸಿ. ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ಕಾಮೆಂಟ್ರಿ ಹೇಳುವವರು ಒಂದು ಓಟವನ್ನು ಉಸಿರು ಬಿಡದೆ ಹೇಳುತ್ತಾರೆ, ಅದನ್ನು ಕೇಳಲೆಂದೇ ಬರುವ ಹಿರಿಯರಿದ್ದಾರೆ. ಸದ್ದಿನಲ್ಲಿ ಕಳೆದುಹೋದ ಭಾಗವನ್ನು ಆಮೇಲೆ ಎರಡು ವಾಕ್ಯದಲ್ಲಿ ಮತ್ತೆ ಹೇಳಿ. ಅವರಿಗೆ ಅಷ್ಟು ಋಣ ನಮ್ಮದಿದೆ.

ಜನ ಸೇರಿದ ಮೈದಾನದ ಮೇಲೆ ಎಷ್ಟು ಕೆಳಗೆ ಹಾರಬಹುದು? ಕಾನೂನು ಏನಾದರೂ ಇದೆಯಾ?

ಇದೆ. ಕಣ್ಣಿನಿಂದ ನೋಡಿಕೊಂಡು ಹಾರಿಸುವ ವಿಮಾನ, ಹೆಲಿಕಾಪ್ಟರ್‌ಗಳಿಗೆ ಅಂತರರಾಷ್ಟ್ರೀಯ ನಿಯಮವೊಂದಿದೆ, ಭಾರತವೂ ಅದನ್ನೇ ಪಾಲಿಸುತ್ತದೆ. ಪೇಟೆ, ವಸತಿ ಪ್ರದೇಶ, ಬಯಲಲ್ಲಿ ಸೇರಿದ ಜನರ ಮೇಲೆ ಹಾರುವಾಗ ವಿಮಾನದಿಂದ 600 ಮೀಟರ್ ಒಳಗಿರುವ ಅತಿ ಎತ್ತರದ ಅಡೆತಡೆಗಿಂತ ಕನಿಷ್ಠ 300 ಮೀಟರ್, ಅಂದರೆ 1,000 ಅಡಿ ಮೇಲಿರಬೇಕು. ಬೇರೆ ಕಡೆ 150 ಮೀಟರ್. ಇಳಿಯುವಾಗ, ಏರುವಾಗ ಇದು ಅನ್ವಯಿಸುವುದಿಲ್ಲ. ಬೇರೆ ವಿಶೇಷ ಅನುಮತಿ ಇದ್ದರೂ ಅಷ್ಟೇ.

‘ಬಯಲಲ್ಲಿ ಸೇರಿದ ಜನ’ ಎಂಬುದು ನಿಯಮದಲ್ಲೇ ಇದೆ. ನಮ್ಮ ಹಾಕಿ ಗ್ಯಾಲರಿ, ನಮ್ಮ ಮಂದ್ ಎಲ್ಲವೂ ಅದರೊಳಗೆ ಬರುತ್ತವೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಡಿಸಿ ಆಫೀಸಿಗೆ ಪತ್ರ ಬರೆಯುವಾಗ ‘ತುಂಬಾ ಕೆಳಗೆ ಹಾರಿದರು’ ಅನ್ನುವ ಬದಲು ಈ ಅಳತೆಯನ್ನು ಬರೆಯಿರಿ.

ಪಂದ್ಯ ನಡೆಯುವ ಮೈದಾನದಲ್ಲೇ ಹೆಲಿಕಾಪ್ಟರ್ ಇಳಿಸುತ್ತೇವೆ ಎಂದು ಹೇಳಿದರೆ?

ಕೊಡಗಿನಲ್ಲಿ ಸಮತಟ್ಟು ಜಾಗವೇ ಅಪರೂಪ. ಇದ್ದ ಬಯಲಿನಲ್ಲಿ ಆಟವೂ ಆಗಬೇಕು, ಸಭೆಯೂ ಆಗಬೇಕು, ಗಣ್ಯರ ಹೆಲಿಕಾಪ್ಟರ್ ಕೂಡ ಅಲ್ಲೇ ಇಳಿಯಬೇಕು. ಹಾಗಾಗಿ ಈ ಪ್ರಶ್ನೆ ತಪ್ಪಿದ್ದಲ್ಲ.

ತಾತ್ಕಾಲಿಕ ಹೆಲಿಪ್ಯಾಡ್‌ಗೆ ಜಿಲ್ಲಾಡಳಿತದ ಒಪ್ಪಿಗೆ ಬೇಕು. ಲೋಕೋಪಯೋಗಿ ಇಲಾಖೆಯವರು ಜಾಗ ಸಿದ್ಧ ಮಾಡುತ್ತಾರೆ, ಪೊಲೀಸರು, ಅಗ್ನಿಶಾಮಕ ದಳದವರು ಇರುತ್ತಾರೆ. ಅಂದರೆ ಕೊನೆಗಳಿಗೆಯಲ್ಲಿ ಆಗುವ ಕೆಲಸ ಅಲ್ಲ, ಮಾತಾಡಲು ಸಮಯ ಸಿಗುತ್ತದೆ. ಟೂರ್ನಮೆಂಟ್ ವೇಳಾಪಟ್ಟಿಯನ್ನು ನೀವೇ ಮೊದಲು ತಹಸೀಲ್ದಾರ್, ಪೊಲೀಸ್ ಠಾಣೆ, ಡಿಸಿ ಆಫೀಸಿಗೆ ತಲುಪಿಸಿಡಿ. ಮೈದಾನ ಖಾಲಿ ಇದೆ ಎಂದುಕೊಂಡು ಅವರು ಜಾಗ ಗುರುತಿಸುತ್ತಾರೆ, ಎಷ್ಟೋ ಸಲ ಬೇಕೆಂದು ಮಾಡುವುದಲ್ಲ.

ಬೇರೆ ಜಾಗ ಸಿಗಲೇ ಇಲ್ಲ ಅಂದರೆ, ಇಳಿಯುವ ಹೊತ್ತು ಮತ್ತು ಏರುವ ಹೊತ್ತು ಎರಡನ್ನೂ ಕೇಳಿ ತಿಳಿದುಕೊಂಡು ಆ ಎರಡು ಹೊತ್ತಿಗೆ ಪಂದ್ಯ ಇಡಬೇಡಿ. ಸದ್ದಿಗಿಂತ ರೆಕ್ಕೆಯ ಗಾಳಿ ಅಪಾಯ. ಶಾಮಿಯಾನದ ಬಟ್ಟೆ, ಫ್ಲೆಕ್ಸ್, ಪ್ಲಾಸ್ಟಿಕ್ ಕುರ್ಚಿ, ಬಾಟಲಿ ಎಲ್ಲವೂ ಏಳುತ್ತವೆ. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಪ್ಲಾಸ್ಟಿಕ್ ಹಾಳೆಗಳು ಹಾರಾಡಿ, ಪೈಲಟ್ ಇಳಿಸದೆ ಮೇಲಕ್ಕೆ ಕೊಂಡೊಯ್ಯಬೇಕಾಯಿತು. ಮೈದಾನದ ಕಸ ಎತ್ತಿಸುವುದು ಅವರಿಗೂ ನಮಗೂ ಒಳ್ಳೆಯದು. ಚಕ್ರ ಊರಿದ ಜಾಗವನ್ನು ಮಾರನೇ ದಿನ ನೋಡಿ. ಗುಂಡಿ ಬಿದ್ದಿದ್ದರೆ ಮುಚ್ಚಿಸಿಯೇ ಆಟ ಶುರುಮಾಡಿ.

ಡ್ರೋನ್‌ದೂ ಸದ್ದೇನಾ? ಸಣ್ಣ ಗುಂಯ್ ಅಲ್ವಾ ಅದು?

ಎಲ್ಲಿ ಎಂಬುದರ ಮೇಲೆ ಹೋಗುತ್ತದೆ. ಹಾಕಿ ಗ್ಯಾಲರಿಯ ಗದ್ದಲದಲ್ಲಿ ಅದು ಏನೂ ಅಲ್ಲ. ಪುತ್ತರಿ ರಾತ್ರಿ ಗದ್ದೆಗೆ ಹೋಗಿ ನೋಡಿ. ಹುಣ್ಣಿಮೆಯ ಬೆಳಕು, ಇಬ್ಬನಿ, ದೀಪ ಹಿಡಿದ ಹೆಂಗಸರು, ಐನ್‌ಮನೆಯ (ಮನೆತನದ ಮೂಲಮನೆ) ಹಿರಿಯರು ಕೈಯಲ್ಲಿ ಕತ್ತಿ ಹಿಡಿದು ಮುಹೂರ್ತಕ್ಕೆ ಕಾಯುತ್ತಿರುತ್ತಾರೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ಆಮೇಲೆ ಕೋವಿಯ ಸದ್ದು, ಕದಿರು ಕೊಯ್ಯುವ ಸರಸರ, ‘ಪೊಲಿ ಪೊಲಿ ದೇವಾ’ ಎಂದು ಇಡೀ ಮನೆತನ ಒಟ್ಟಿಗೆ ಕೂಗುವುದು. ಈಗ ಅದೇ ಗದ್ದೆಯ ಮೇಲೆ ಕೆಂಪು ಹಸಿರು ದೀಪ ಮಿನುಗಿಸುತ್ತಾ ಒಂದು ಡ್ರೋನ್ ನಿಂತಿದೆ ಅಂದುಕೊಳ್ಳಿ. ಮಕ್ಕಳೆಲ್ಲಾ ಕದಿರು ಬಿಟ್ಟು ಮೇಲೆ ನೋಡುತ್ತಾರೆ. ಮಂದ್‌ನಲ್ಲಿ ದುಡಿಕೊಟ್ಟ್ ಪಾಟ್ ಹಾಡುವಾಗಲೂ ಇದೇ ಗೋಳು. ದುಡಿ ಸಣ್ಣ ವಾದ್ಯ, ಹಾಡುವುದು ನಾಲ್ಕೇ ಜನ, ಮೈಕ್ ಇರುವುದಿಲ್ಲ. ತಲೆ ಮೇಲಿನ ಏರು ಸ್ವರದ ಗುಂಯ್ ಆ ಹಾಡಿನ ಮಾತುಗಳನ್ನೇ ನುಂಗುತ್ತದೆ.

ನಮ್ಮ ವಿಡಿಯೋ ಹುಡುಗರ ಮೇಲೆ ನನಗೆ ಕೋಪವಿಲ್ಲ. ಹಬ್ಬದ ಅಂಥ ಚಿತ್ರಗಳು ದೂರದ ಊರಿನಲ್ಲಿರುವ ನಮ್ಮವರನ್ನು ಮುಟ್ಟುತ್ತವೆ. ಆದರೆ ಕದಿರು ಕೊಯ್ಯುವ ಹೊತ್ತು, ಹಾಡಿನ ಹೊತ್ತು, ಪೆನಾಲ್ಟಿ ಕಾರ್ನರ್, ಮೌನಾಚರಣೆ ಇಷ್ಟಕ್ಕೆ ಡ್ರೋನ್ ನೆಲದ ಮೇಲಿರಲಿ. ಹಗಲಿನ ಕೋಲಾಟವನ್ನು ದೂರದಿಂದ, ಎತ್ತರದಿಂದ ತೆಗೆದರೆ ಚಿತ್ರವೂ ಚೆನ್ನಾಗಿ ಬರುತ್ತದೆ.

ಮರದಲ್ಲಿ ಹೆಜ್ಜೇನು ಕಟ್ಟಿದೆಯಾ ಎಂದು ಮೊದಲು ನೋಡಿಕೊಳ್ಳಿ. ಗೂಡಿನ ಹತ್ತಿರ ಡ್ರೋನ್ ಬೇಡವೇ ಬೇಡ. ಸಾವಿರ ಜನ ಕೂತಿರುವ ಮೈದಾನದ ಮೇಲೆ ಜೇನು ಎದ್ದರೆ ಯಾರೂ ತಡೆಯಲಾರರು.

ಡ್ರೋನ್ ಹಾರಿಸದಂತೆ ಮಾಡಲು ಸಾಧ್ಯವಾ?

ಸಾಧ್ಯ. 2021ರ ಡ್ರೋನ್ ನಿಯಮಗಳಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದ್ದಾರೆ. ಹಸಿರು ವಲಯದಲ್ಲಿ 400 ಅಡಿವರೆಗೆ ಮುಂಗಡ ಅನುಮತಿ ಇಲ್ಲದೆ ಹಾರಿಸಬಹುದು, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಅದೇ ನಿಯಮದಲ್ಲಿ ತಾತ್ಕಾಲಿಕ ಕೆಂಪು ವಲಯ ಘೋಷಿಸಲು ಅವಕಾಶವಿದೆ. ಎಸ್‌ಪಿ ದರ್ಜೆಗಿಂತ ಕಮ್ಮಿ ಇಲ್ಲದ ಅಧಿಕಾರಿ ಒಂದು ಜಾಗವನ್ನು ಗರಿಷ್ಠ 96 ಗಂಟೆಗಳವರೆಗೆ ಹಾಗೆ ಗುರುತಿಸಬಹುದು. ಫೈನಲ್ ದಿನಕ್ಕೆ, ದೊಡ್ಡ ಸಭೆಗೆ ಇಷ್ಟು ಧಾರಾಳ ಸಾಕು. ಎಸ್‌ಪಿ ಅವರಿಗೆ ಕಾರಣ ಬರೆದು, ಜಾಗ, ದಿನ, ಹೊತ್ತು ತಿಳಿಸಿ ಮನವಿ ಕೊಡಿ.

ತಿಂಗಳುಗಟ್ಟಲೆ ನಡೆಯುವ ಹಾಕಿ ಹಬ್ಬಕ್ಕೆ ಇದು ಸಾಲದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ತಂಡಗಳ ಸಂಖ್ಯೆ 360ಕ್ಕೆ ಏರಿ ಗಿನ್ನೆಸ್ ದಾಖಲೆಯಾಯಿತು. ಅಷ್ಟು ದೊಡ್ಡ ಹಬ್ಬಕ್ಕೆ ಸಮಿತಿಯದೇ ನಿಯಮ ಬೇಕು: ಸಮಿತಿ ಒಪ್ಪಿದ ಒಬ್ಬರೇ ಡ್ರೋನ್ ಹಾರಿಸಬೇಕು, ಹೆಸರು ಮತ್ತು ನಂಬರ್ ಸಮಿತಿಯ ಟೇಬಲ್ ಮೇಲಿರಬೇಕು. ಬೇರೆ ಯಾರಾದರೂ ಮೇಲೆ ಬಿಟ್ಟರೆ ಮೈಕ್‌ನಲ್ಲಿ ಒಮ್ಮೆ ಹೇಳಿ. ಮುಕ್ಕಾಲು ಪಾಲು ಅಲ್ಲಿಗೇ ಕೆಳಗಿಳಿಯುತ್ತದೆ.

ಹೇಳಿದರೂ ಕೇಳದಿದ್ದರೆ ಕೋವಿಯಿಂದ ಹೊಡೆದುಬಿಡಬಹುದಾ?

ಬೇಡ. ಇದನ್ನು ಮಾತಿಗೆ ಕೇಳುವವರೂ ಇದ್ದಾರೆ, ನಿಜವಾಗಿ ಕೇಳುವವರೂ ಇದ್ದಾರೆ, ಇಬ್ಬರಿಗೂ ಉತ್ತರ ಒಂದೇ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಕಂಡದ್ದಕ್ಕೆಲ್ಲಾ ಹೊಡೆಯಲು ಅಲ್ಲ. ಕಾನೂನಿನ ಪ್ರಕಾರ ಡ್ರೋನ್ ಕೂಡ ಒಂದು ವಿಮಾನ. ಹೊಡೆದ ಗುಂಡು, ಬಿದ್ದ ಡ್ರೋನ್, ಹೊತ್ತಿಕೊಳ್ಳುವ ಬ್ಯಾಟರಿ ಮೂರೂ ಬರುವುದು ಕೆಳಗಿರುವ ಜನರ ಮೇಲೆ. ಆ ವಿನಾಯಿತಿ ನಮಗೆ ಪೂಜೆಯ ವಸ್ತುವಿನಷ್ಟು ಮುಖ್ಯ. ಒಬ್ಬರ ಸಿಟ್ಟಿನಿಂದ ಅದಕ್ಕೆ ಕುತ್ತು ಬರಬಾರದು.

ಇದಕ್ಕೆ ಸೇರಿದ ಇನ್ನೊಂದು ಮಾತು: ಪುತ್ತರಿ ಮುಹೂರ್ತಕ್ಕೆ ಗಾಳಿಯಲ್ಲಿ ಗುಂಡು ಹಾರಿಸುವ ಮೊದಲು ಮೇಲೆ ಏನಾದರೂ ಹಾರುತ್ತಿದೆಯಾ ಎಂದು ಒಮ್ಮೆ ನೋಡಿ.

ನಮ್ಮ ಮೈದಾನದ ಮೇಲೆ ದಿನಾ ಮೈಕ್ರೋಲೈಟ್ ಸುತ್ತುತ್ತದೆ. ಏನು ಮಾಡುವುದು?

ಹೋಗಿ ಮಾತಾಡಿ. ಹೆಲಿಕಾಪ್ಟರ್‌ನವರು ಯಾರೆಂದೇ ನಮಗೆ ಗೊತ್ತಿರುವುದಿಲ್ಲ, ಮೈಕ್ರೋಲೈಟ್‌ನವರು ಪಕ್ಕದೂರಿನವರು. ಮರ ಕುಯ್ಯುವ ಮಿಷನ್ ಹಾಗೆ ಒಂದೇ ಸಮನೆ ಕೊರೆಯುವ ಅದರ ಸದ್ದು ಹೋಗುವಂಥದ್ದಲ್ಲ, ಸುತ್ತು ಹಾಕಿ ಮತ್ತೆ ಬರುವಂಥದ್ದು. ಹಾಗಾಗಿ ಆಟ ನಿಲ್ಲಿಸಿ ಕಾಯುವ ಉಪಾಯ ಇಲ್ಲಿ ನಡೆಯುವುದಿಲ್ಲ. ಪಂದ್ಯದ ದಿನ, ಹೊತ್ತು ಬರೆದ ಒಂದು ಹಾಳೆ ಕೊಟ್ಟು ‘ಆ ಹೊತ್ತಿಗೆ ಈ ಕಡೆ ಬರಬೇಡಿ, ಕೆರೆ ಕಡೆ ಸುತ್ತಿ’ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅವರ ವ್ಯಾಪಾರವೂ ಊರಿನವರ ಒಳ್ಳೆಯತನದ ಮೇಲೆ ನಿಂತಿದೆ.

ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ?

ಎಲ್ಲಕ್ಕಿಂತ ಹೆಸರಾದದ್ದು ನ್ಯೂಯಾರ್ಕಿನ ಯು.ಎಸ್. ಓಪನ್ ಟೆನಿಸ್. 1978ರಲ್ಲಿ ಆ ಟೂರ್ನಿ ಫ್ಲಶಿಂಗ್ ಮೆಡೋಸ್‌ಗೆ ಬಂತು, ಪಕ್ಕದಲ್ಲೇ ಲಗಾರ್ಡಿಯಾ ವಿಮಾನ ನಿಲ್ದಾಣ. ಸರ್ವ್ ಮಾಡಲು ಕೈ ಎತ್ತಿದವರು ತಲೆ ಮೇಲೆ ವಿಮಾನ ಹೋಗುವವರೆಗೂ ಕಾಯಬೇಕಾಗುತ್ತಿತ್ತು. 1990ರ ಸುಮಾರಿಗೆ, ಸ್ವತಃ ಟೆನಿಸ್ ಪ್ರೇಮಿಯಾಗಿದ್ದ ಮೇಯರ್ ಡೇವಿಡ್ ಡಿಂಕಿನ್ಸ್ ವಿಮಾನಯಾನ ಇಲಾಖೆಯ ಜೊತೆ ಮಾತಾಡಿ, ಟೂರ್ನಿಯ ದಿನಗಳಲ್ಲಿ ವಿಮಾನಗಳ ದಾರಿಯನ್ನು ಬದಲಿಸುವ ಏರ್ಪಾಡು ಮಾಡಿಸಿದರು. ಒಂದು ಮಹಾನಗರದ ವಿಮಾನ ನಿಲ್ದಾಣವೇ ಆಟಕ್ಕಾಗಿ ದಾರಿ ಬದಲಿಸಬಹುದಾದರೆ, ನಮ್ಮ ಬೆಟ್ಟಗಳ ಮೇಲಿನ ಒಂದು ಹೆಲಿಕಾಪ್ಟರ್ ಅರ್ಧ ಗಂಟೆ ಆಚೀಚೆ ಆಗಬಾರದಾ?

ಇನ್ನೊಂದು ದಕ್ಷಿಣ ಕೊರಿಯಾದ್ದು. ನವೆಂಬರ್‌ನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗಕ್ಕೆ ಸುಮಾರು 35 ನಿಮಿಷ ಇಡೀ ದೇಶದಲ್ಲಿ ವಿಮಾನ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಅಮೆರಿಕದಲ್ಲಿ 30,000 ಅಥವಾ ಅದಕ್ಕಿಂತ ಹೆಚ್ಚು ಜನ ಹಿಡಿಸುವ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯಗಳಿದ್ದಾಗ ಮೇಲೆ 3,000 ಅಡಿವರೆಗೆ ಹಾರಾಟಕ್ಕೆ ತಡೆ ಇರುತ್ತದೆ. ಅದು ಭದ್ರತೆಗಾಗಿ ಬಂದದ್ದು, ಸದ್ದಿಗಾಗಿ ಅಲ್ಲ. ಲಾಭ ಮಾತ್ರ ಆಟಗಾರರ ಕಿವಿಗೂ ಆಗುತ್ತದೆ.

ಒಮ್ಮೊಮ್ಮೆ ಆಕಾಶದಲ್ಲಿ ‘ಢಂ’ ಎಂದು ಒಂದೇ ಸಲ ಕೇಳುತ್ತದೆ. ಅದೂ ವಿಮಾನವಾ?

ಇರಬಹುದು. ಯುದ್ಧವಿಮಾನ ಸದ್ದಿನ ವೇಗವನ್ನು ಮೀರಿ ಹಾರಿದರೆ ನೆಲಕ್ಕೆ ಅಂಥ ಹೊಡೆತ ಕೇಳುತ್ತದೆ. 2020ರ ಮೇ 20ರಂದು ಬೆಂಗಳೂರಿನಲ್ಲಿ ಕೇಳಿದ್ದು ಅದೇ. ವಾಯುಪಡೆಯ ಪರೀಕ್ಷಾ ಹಾರಾಟ ಎಂದು ರಕ್ಷಣಾ ಇಲಾಖೆ ಹೇಳಿತು.

ಆದರೆ ಕೊಡಗಿನಲ್ಲಿ ಸದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮೊದಲು ಬಂದದ್ದು ಸದ್ದು. 2022ರ ಜೂನ್‌ನಲ್ಲಿ ಚೆಂಬು, ಕರಿಕೆ ಕಡೆ ಭೂಮಿ ಕಂಪಿಸಿದಾಗಲೂ ಜನ ಸದ್ದು ಕೇಳಿ ಹೊರಗೆ ಓಡಿ ಬಂದರು. ಮಳೆಗಾಲದ ಕೆಸರುಗದ್ದೆ ಆಟದ ಹೊತ್ತಿನಲ್ಲಿ ದೊಡ್ಡ ಸದ್ದು ಕೇಳಿ, ನೆಲ ನಡುಗಿದರೆ ಅಥವಾ ಹರಿಯುವ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ವಿಮಾನ ಇರಬಹುದು ಎಂದು ಸುಮ್ನೆ ನಿಲ್ಲಬೇಡಿ. ಗುಡ್ಡದ ಬುಡದಿಂದ ಮಕ್ಕಳನ್ನು ದೂರ ಕರೆದುಕೊಂಡು ಹೋಗಿ, ಆಮೇಲೆ ವಿಚಾರಿಸಿ.

ರಕ್ಷಣಾ ಕಾರ್ಯದ ಹೆಲಿಕಾಪ್ಟರ್ ಬಂದರೆ?

ಆಟ ನಿಲ್ಲಿಸಿ, ಮೈದಾನ ಬೇಕೆಂದರೆ ಬಿಟ್ಟುಕೊಡಿ. ದೂರು ಬೇಡ.

ದೂರು ಕೊಡಬೇಕಾದರೆ ಯಾರಿಗೆ, ಹೇಗೆ?

ದಿನ, ಹೊತ್ತು, ಬಂದ ದಿಕ್ಕು, ಹೋದ ದಿಕ್ಕು, ಎಷ್ಟು ಸಲ ಸುತ್ತಿತು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಒಂದು ವಿಡಿಯೋ ತೆಗೆಯಿರಿ, ಮೈದಾನದ ಕಂಬವೋ ಮರವೋ ಚಿತ್ರದೊಳಗೆ ಬರಲಿ, ಎತ್ತರ ಅಂದಾಜು ಮಾಡಲು ಅನುಕೂಲ. ನಮ್ಮ ದೇಶದ ನಾಗರಿಕ ವಿಮಾನಗಳ ಮೈಮೇಲಿನ ಗುರುತು ‘ವಿಟಿ’ ಅಕ್ಷರಗಳಿಂದ ಶುರುವಾಗುತ್ತದೆ, ಕಂಡರೆ ಅದನ್ನೂ ಬರೆಯಿರಿ. ಫ್ಲೈಟ್‌ರಾಡಾರ್24 ಆಪ್‌ನಲ್ಲಿ ನೋಡಿದರೆ ಯಾವುದೆಂದು ಎಷ್ಟೋ ಸಲ ಗೊತ್ತಾಗುತ್ತದೆ. ಸೇನೆಯವು ಅದರಲ್ಲಿ ಕಾಣಿಸದೆ ಇರಬಹುದು. ಡ್ರೋನ್ ಆದರೆ ಹತ್ತಿರದ ಪೊಲೀಸ್ ಠಾಣೆ. ಹೆಲಿಕಾಪ್ಟರ್, ಮೈಕ್ರೋಲೈಟ್ ಆದರೆ ಡಿಸಿ ಅವರಿಗೆ ಪತ್ರ, ಪ್ರತಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ.

ವಾಯುಪಡೆಯ ವಿಮಾನಗಳ ಬಗ್ಗೆ ನಮ್ಮವರಿಗೆ ಇರುವ ಅಭಿಮಾನ ನನಗೂ ಇದೆ. 1965ರಲ್ಲಿ ಪಾಕಿಸ್ತಾನದ ಸರಗೋಧಾ ದಾಳಿಗೆ ಹೋಗಿ ಹುತಾತ್ಮರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಈ ಮಣ್ಣಿನವರು. ಕೇಳುತ್ತಿರುವುದು ಹಾರಬೇಡಿ ಎಂದಲ್ಲ, ಜನ ಸೇರಿದ ಹೊತ್ತು ತಿಳಿದು ಹಾರಿ ಎಂದು.

ಮೊಬೈಲ್ ಆಪ್‌ನಲ್ಲಿ ಡೆಸಿಬಲ್ ಅಳೆದರೆ ಸಾಕ್ಷಿಯಾಗುತ್ತದೆಯಾ?

ಅಂದಾಜಿಗೆ ಸರಿ, ಸಾಕ್ಷಿಗೆ ಸಾಲದು. ಫೋನಿಂದ ಫೋನಿಗೆ ಲೆಕ್ಕ ಬೇರೆ ಬರುತ್ತದೆ. ಒಂದೇ ಫೋನ್‌ನಲ್ಲಿ, ಒಂದೇ ಜಾಗದಲ್ಲಿ ನಿಂತು, ಸದ್ದಿಲ್ಲದಾಗ ಎಷ್ಟು, ಇದ್ದಾಗ ಎಷ್ಟು ಎಂದು ಎರಡನ್ನೂ ಬರೆದಿಟ್ಟರೆ ಆ ವ್ಯತ್ಯಾಸಕ್ಕೆ ಬೆಲೆ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ಅದು ಹೆಚ್ಚು ಹೊತ್ತಿನ ಸರಾಸರಿಯ ಮಾತು. ಎರಡು ನಿಮಿಷದ ಹೆಲಿಕಾಪ್ಟರ್ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅದೇ ನಿಯಮ ನಮ್ಮ ಮೈಕ್‌ಸೆಟ್‌ಗೂ ಇದೆ ಎಂಬುದು ನೆನಪಿರಲಿ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ.

ಕೂಡಿಗೆಯಲ್ಲಿ ಮಿನಿ ವಿಮಾನ ನಿಲ್ದಾಣ ಬಂದರೆ?

ಆ ಪ್ರಸ್ತಾಪ ಆಗಾಗ ಸುದ್ದಿಯಲ್ಲಿರುತ್ತದೆ. ಬರಲಿ, ಬಾರದಿರಲಿ, ಕೇಳಬೇಕಾದ್ದನ್ನು ಮೊದಲೇ ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರನ್‌ವೇ ಯಾವ ದಿಕ್ಕಿಗೆ? ಏರುವ ವಿಮಾನ ಯಾವ ಊರಿನ ಮೇಲೆ ಹೋಗುತ್ತದೆ? ಆ ದಾರಿಯಲ್ಲಿ ಎಷ್ಟು ಶಾಲೆ, ಎಷ್ಟು ಮೈದಾನ? ಸೈನಿಕ ಶಾಲೆ ಅಲ್ಲೇ ಕೂಡಿಗೆಯಲ್ಲಿದೆ, ಆ ಮಕ್ಕಳ ಬೆಳಗಿನ ಪರೇಡ್, ಸಂಜೆಯ ಆಟ ಎಲ್ಲವೂ ಬಯಲಲ್ಲೇ. ವಾಣಿಜ್ಯ ಬಳಕೆಯ ವಿಮಾನ ನಿಲ್ದಾಣಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು, ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅಂಥ ಸಭೆಗೆ ಸಾಮಾನ್ಯವಾಗಿ ಜಮೀನು ಹೋಗುವವರು ಮಾತ್ರ ಬರುತ್ತಾರೆ. ಕ್ರೀಡಾ ಸಮಿತಿಯವರು, ಪಿಟಿ ಮಾಸ್ಟರುಗಳು, ಊರ ತಕ್ಕರು (ಮುಖ್ಯಸ್ಥರು) ಕೂಡ ಹೋಗಬೇಕು. ಬಾಯಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲೂ ಕೊಟ್ಟು ಸ್ವೀಕೃತಿ ಪಡೆಯಬೇಕು.

ನಮ್ಮ ಸಮಿತಿಯವರು ಉದ್ಘಾಟನೆಗೆ ಹೆಲಿಕಾಪ್ಟರ್‌ನಿಂದ ಹೂ ಸುರಿಸಬೇಕು ಅಂತಿದ್ದಾರೆ. ಮಾಡಬಹುದಾ?

ಅನುಮತಿ ಪಡೆದರೆ ಮಾಡಬಹುದು. ಮೇಲಿಂದ ಏನನ್ನೇ ಸುರಿಸಲು ಪ್ರತ್ಯೇಕ ಅನುಮತಿ ಬೇಕು, ಅದನ್ನು ಹೆಲಿಕಾಪ್ಟರ್ ಕೊಡುವವರೇ ತರಬೇಕು, ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ನನ್ನ ಸಲಹೆ ಕೇಳಿದರೆ, ಆ ದುಡ್ಡಿಗೆ ಮಕ್ಕಳಿಗೆ ಸ್ಟಿಕ್, ಗೋಲಿಗೆ ಪ್ಯಾಡ್ ತೆಗೆಸಿಕೊಡಿ ಎನ್ನುತ್ತೇನೆ. ಮಾಡಲೇಬೇಕು ಅಂದರೆ ಮೊದಲ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ, ಆಟಗಾರರು ಮೈದಾನಕ್ಕೆ ಇಳಿಯುವ ಮೊದಲು ಮುಗಿಸಿ. ಒಂದೇ ಸುತ್ತು ಸಾಕು. ಹಿಂದಿನ ದಿನ ಊರಿಗೆಲ್ಲಾ ಹೇಳಿರಿ, ಹಸು ಕಟ್ಟಿಕೊಳ್ಳುವವರು ಕಟ್ಟಿಕೊಳ್ಳಲಿ, ಹಾಸಿಗೆ ಹಿಡಿದವರ ಮನೆಯವರು ಕಿಟಕಿ ಮುಚ್ಚಿಕೊಳ್ಳಲಿ. ಹೂ ಬಿದ್ದ ಟರ್ಫ್ ಅಥವಾ ಹುಲ್ಲು ಜಾರುತ್ತದೆ, ಪಂದ್ಯಕ್ಕೆ ಮುಂಚೆ ನಾಲ್ಕು ಜನ ನಿಂತು ಗುಡಿಸಿ.